ಕ್ಯೂಬಿಸ್ಟ್ ಚಿತ್ರದಲ್ಲಿ ಗಂಡ-ಹೆಂಡತಿ: ಸಂಬಂಧವನ್ನು ಓದುವ ಕ್ರಮ

ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಚಿತ್ರಕಲಾ ಪ್ರದರ್ಶನಗಳಲ್ಲಿ ‘ದಂಪತಿ’, ‘ಜೋಡಿ’, ‘ಸಂಗಾತಿಗಳು’ ಎಂಬಂಥ ಹೆಸರಿನ ಕ್ಯಾನ್ವಾಸುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಕೆಲವು ಕ್ಯೂಬಿಸ್ಟ್ ಕ್ರಮದಲ್ಲಿರುತ್ತವೆ: ಮುಖ ತ್ರಿಕೋನಗಳಾಗಿ ಒಡೆದಿರುತ್ತದೆ, ಮೂಗು ಒಂದು ದಿಕ್ಕಿಗೂ ಕಣ್ಣು ಇನ್ನೊಂದು ದಿಕ್ಕಿಗೂ ಇರುತ್ತವೆ, ಯಾವ ಕೈ ಯಾರದೆಂದು ತಕ್ಷಣ ತಿಳಿಯುವುದಿಲ್ಲ. ನೋಡಲು ಬಂದವರಲ್ಲಿ ಒಬ್ಬರಾದರೂ “ಇದೇನ್ರೀ, ಗಂಡಾ ಹೆಂಡ್ತಿ ಜಗಳಾ ಮಾಡ್ಕೊಂಡಾರೇನು?” ಎಂದು ನಕ್ಕು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಆ ಮಾತಿನಲ್ಲಿ ತಮಾಷೆಯಿದ್ದರೂ ಅದರ ಹಿಂದಿರುವ ಎಣಿಕೆಯನ್ನು ಅನೇಕ ವಿಮರ್ಶಕರೂ ಇಟ್ಟುಕೊಂಡಿರುತ್ತಾರೆ. ಆಕಾರ ಒಡೆದಿದ್ದರೆ ಸಂಬಂಧವೂ ಒಡೆದಿರಬೇಕು ಎಂಬುದೇ ಆ ಎಣಿಕೆ. ಈ ಲೇಖನ ಅದನ್ನು ಬದಿಗಿಟ್ಟು, ಇಂಥ ಚಿತ್ರದ ಮುಂದೆ ನಿಂತಾಗ ಏನನ್ನು, ಯಾವ ಅನುಕ್ರಮದಲ್ಲಿ ನೋಡಬೇಕೆಂದು ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ದಾಂಪತ್ಯದ ಸುದ್ದಿ ಇರುವುದು ಆ ಇಬ್ಬರ ಮುಖಗಳಲ್ಲಲ್ಲ, ಅವರಿಬ್ಬರ ದೇಹಗಳು ಕೂಡುವ ಗೆರೆಯಲ್ಲಿ.

ಮೊದಲು ತಿಳಿದಿರಬೇಕಾದದ್ದು

1907ರಿಂದ 1914ರವರೆಗಿನ ಅವಧಿಯಲ್ಲಿ ಪ್ಯಾರಿಸ್ಸಿನಲ್ಲಿ ಪಾಬ್ಲೊ ಪಿಕಾಸೊ ಮತ್ತು ಜಾರ್ಜ್ ಬ್ರಾಕ್ ಎಂಬ ಚಿತ್ರಕಾರರು ಕ್ಯೂಬಿಸಂ ಎಂಬ ಈ ಕ್ರಮವನ್ನು ರೂಪಿಸಿದರು. 1908ರಲ್ಲಿ ಬ್ರಾಕ್‌ನ ಚಿತ್ರಗಳನ್ನು ಕಂಡ ವಿಮರ್ಶಕ ಲೂಯಿ ವೋಸೆಲ್ ಅವನು ಎಲ್ಲವನ್ನೂ ಘನಗಳಿಗೆ, ಅಂದರೆ ‘ಕ್ಯೂಬ್’ಗಳಿಗೆ ಇಳಿಸುತ್ತಾನೆಂದು ಕುಟುಕಿದ. ಆ ಕುಟುಕೇ ಮುಂದೆ ಪಂಥದ ಹೆಸರಾಯಿತು. ಒಂದೇ ಕಡೆ ನಿಂತು, ಒಂದೇ ಕ್ಷಣದಲ್ಲಿ ಕಂಡದ್ದನ್ನು ಬರೆಯುವ ಐರೋಪ್ಯ ಪರಿಪಾಠವನ್ನು ಬಿಟ್ಟು, ವಸ್ತುವಿನ ಸುತ್ತ ತಿರುಗಾಡಿ ಬೇರೆ ಬೇರೆ ಕಡೆಯಿಂದ ಕಂಡ ಮೈಗಳನ್ನು ಒಂದೇ ಹಾಳೆಯ ಮೇಲೆ ಜೋಡಿಸುವುದು ಅವರ ಉದ್ದೇಶವಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅವರು ಹೀಗೆ ಒಡೆದ ವಸ್ತುಗಳಲ್ಲಿ ಬಹುಪಾಲು ಬಾಟಲಿ, ಗಿಟಾರು, ಪಿಟೀಲು, ಹಣ್ಣಿನ ತಟ್ಟೆ, ಮನೆಯ ಮಾಡುಗಳು. ಗಿಟಾರನ್ನು ಹತ್ತು ತುಂಡಾಗಿ ಬರೆದಾಗ ಅದಕ್ಕೆ ದುಃಖವಾಗಿದೆಯೆಂದು ಯಾರೂ ಹೇಳುವುದಿಲ್ಲ. ಹಾಗಿರುವಾಗ ಅದೇ ವಿಧಾನದಲ್ಲಿ ಬರೆದ ಹೆಂಡತಿಯ ಮುಖದಲ್ಲಿ ಮಾತ್ರ ಸಂಸಾರದ ಬಿರುಕನ್ನು ಹುಡುಕುವುದು ಸರಿಯಲ್ಲ. ಅದೇ ಪಂಥದ ಜುವಾನ್ ಗ್ರಿಸ್ 1916ರಲ್ಲಿ ತನ್ನ ಬಾಳಸಂಗಾತಿ ಜೋಸೆಟ್‌ಳ ಭಾವಚಿತ್ರವನ್ನು ಚಪ್ಪಟೆ ಪದರಗಳಲ್ಲಿ ಕತ್ತರಿಸಿ ಜೋಡಿಸಿದಂತೆ ಬರೆದ. ಆದರೂ ಆ ಚಿತ್ರದಲ್ಲಿ ಅವಳು ಕುಳಿತ ರೀತಿಯಲ್ಲಿ ಅವಸರವಾಗಲಿ ಕಳವಳವಾಗಲಿ ಇಲ್ಲ. ಒಡೆಯುವುದು ಇಲ್ಲಿ ವ್ಯಾಕರಣ. ಆ ವ್ಯಾಕರಣದಲ್ಲಿ ಪ್ರೀತಿಯನ್ನೂ ಹೇಳಬಹುದು, ಜಗಳವನ್ನೂ ಹೇಳಬಹುದು.

ಮೊದಲ ಹಂತ: ಯಾರದು ಯಾವುದು

ಚಿತ್ರದ ಹೆಸರನ್ನು ಓದುವ ಮೊದಲೇ ಈ ಕೆಲಸ ಮಾಡುವುದು ಒಳ್ಳೆಯದು. ಅನುಮತಿಯಿದ್ದರೆ ಚಿತ್ರವನ್ನು ಮೊಬೈಲಿನಲ್ಲಿ ನೇರವಾಗಿ ತೆಗೆದುಕೊಂಡು, ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ಒಂದು ಪುಟದಷ್ಟು ದೊಡ್ಡದಾಗಿ ಮುದ್ರಿಸಿಕೊಳ್ಳಿ. ಅದರ ಮೇಲೆ ಟ್ರೇಸಿಂಗ್ ಹಾಳೆಯನ್ನಿಟ್ಟು ಖಚಿತವಾಗಿ ಗುರುತು ಸಿಗುವ ಭಾಗಗಳನ್ನಷ್ಟೇ ಪೆನ್ಸಿಲಿನಿಂದ ಎಳೆಯಿರಿ: ಕಣ್ಣು, ಮೂಗಿನ ಗೆರೆ, ತುಟಿ, ಭುಜ, ಬೆರಳು, ಸೆರಗಿನ ಅಂಚು, ಮೀಸೆ. ಗಂಡನದ್ದೆಂದು ಕಂಡದ್ದಕ್ಕೆ ಒಂದು ಬಣ್ಣ, ಹೆಂಡತಿಯದ್ದೆಂದು ಕಂಡದ್ದಕ್ಕೆ ಇನ್ನೊಂದು ಬಣ್ಣ ಹಚ್ಚಿ. ಇಬ್ಬರಿಗೂ ಸೇರಬಹುದಾದ ತುಂಡುಗಳನ್ನು ಖಾಲಿ ಬಿಡಿ. ಮುಂದೆ ಅವುಗಳದ್ದೇ ಹೆಚ್ಚು ಕೆಲಸ.

ಒಂದು ಮುಖದಲ್ಲಿ ಎರಡು ನೋಟಗಳು ಕೂಡಿರುವುದನ್ನು ಗುರುತಿಸುವ ರೂಢಿ ಇಲ್ಲದವರು ಝಾನ್ ಮೆಟ್ಸಿಂಜೆಯ 1911ರ ‘ಲ ಗೂತೆ’ ಎಂಬ ಚಿತ್ರವನ್ನು ಅಂತರ್ಜಾಲದಲ್ಲಿ ನೋಡಿಕೊಳ್ಳಬಹುದು. ಅದರಲ್ಲಿ ಚಹಾದ ಕಪ್ಪಿನ ಅರ್ಧ ಭಾಗ ಬದಿಯಿಂದ ಕಂಡಂತೆಯೂ ಉಳಿದರ್ಧ ಮೇಲಿನಿಂದ ಕಂಡಂತೆಯೂ ಇದೆ. ಹೆಂಗಸಿನ ಮುಖದಲ್ಲಿಯೂ ಎದುರು ನೋಟ ಮತ್ತು ಪಕ್ಕದ ನೋಟ ಹಾಗೆಯೇ ಕೂಡಿವೆ. ಕಪ್ಪನ್ನು ಅರ್ಥಮಾಡಿಕೊಂಡವರಿಗೆ ಮುಖ ಕಷ್ಟವಾಗುವುದಿಲ್ಲ.

ಎರಡನೆಯ ಹಂತ: ಇಬ್ಬರ ನಡುವಿನ ಗೆರೆ

ಈಗ ಟ್ರೇಸಿಂಗ್ ಹಾಳೆಯಲ್ಲಿ ಗಂಡನ ಬಣ್ಣ ಮುಗಿದು ಹೆಂಡತಿಯ ಬಣ್ಣ ಆರಂಭವಾಗುವ ಜಾಗವನ್ನು ತಲೆಯಿಂದ ಪಾದದವರೆಗೆ ಬೆರಳಿನಿಂದ ಹಿಂಬಾಲಿಸಿ. ಅವಸರ ಮಾಡಬೇಡಿ. ಸಾಮಾನ್ಯ ಭಾವಚಿತ್ರದಲ್ಲಿ ಈ ಜಾಗ ಬರೀ ಹಿನ್ನೆಲೆಯಾಗಿರುತ್ತದೆ. ಕ್ಯೂಬಿಸ್ಟ್ ಚಿತ್ರದಲ್ಲಿ ಹಿನ್ನೆಲೆಗೂ ದೇಹಕ್ಕೂ ಒಂದೇ ಮರ್ಯಾದೆ ಇರುವುದರಿಂದ ಕಲಾವಿದ ಇಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಲೇಬೇಕಾಗುತ್ತದೆ. ನಮ್ಮ ಮದುವೆಗಳಲ್ಲಿ ಹಿಡಿಯುವ ಅಂತರಪಟ ಹೇಗೆ ವರನಿಗಾಗಲಿ ವಧುವಿಗಾಗಲಿ ಸೇರದೆ ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಿರುತ್ತದೆಯೋ, ಈ ಗೆರೆಯೂ ಹಾಗೆ: ಅದು ಬೇರ್ಪಡಿಸುತ್ತಿದೆಯೋ ಕೂಡಿಸುತ್ತಿದೆಯೋ ಎಂಬುದನ್ನು ಅದರ ವರ್ತನೆಯಿಂದಲೇ ತಿಳಿಯಬೇಕು.

ಕೆಲವು ಚಿತ್ರಗಳಲ್ಲಿ ಒಂದೇ ಗೆರೆ ಎರಡು ಕೆಲಸ ಮಾಡುತ್ತದೆ. ಗಂಡನ ಭುಜದ ಇಳಿಜಾರೇ ಹೆಂಡತಿಯ ಕೆನ್ನೆಯಾಗಿರುತ್ತದೆ, ಅವಳ ಮೂಗಿನ ಗೆರೆಯನ್ನು ಅಳಿಸಿದರೆ ಅವನ ಮುಖವೂ ಇಲ್ಲವಾಗುತ್ತದೆ. ಇದನ್ನು ಪರೀಕ್ಷಿಸಲು ಹಾಳೆಯ ಮೇಲೆ ಆ ಗೆರೆಯನ್ನು ರಬ್ಬರಿನಿಂದ ಅಳಿಸಿ ನೋಡಿ. ಇಬ್ಬರೂ ಒಟ್ಟಿಗೆ ಕುಸಿದರೆ ಅದು ಹಂಚಿಕೊಂಡ ಗೆರೆ. ಕ್ಯೂಬಿಸಂಗೆ ಸೇರದಿದ್ದರೂ ಶಿಲ್ಪಿ ಕಾನ್‌ಸ್ಟಂಟೀನ್ ಬ್ರಾಂಕೂಸಿ 1907-08ರಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ‘ದಿ ಕಿಸ್’ ಇದರ ಅತ್ಯಂತ ಸ್ಪಷ್ಟ ಉದಾಹರಣೆ. ಅಲ್ಲಿ ಎದುರುಬದುರಾಗಿ ಅಂಟಿಕೊಂಡ ಗಂಡು-ಹೆಣ್ಣಿನ ಅರ್ಧರ್ಧ ಕಣ್ಣುಗಳು ಕೂಡಿ ಒಂದೇ ಕಣ್ಣಿನಂತೆ ಕಾಣುತ್ತವೆ, ನಡುವಿನ ಗೆರೆ ಆ ಕಣ್ಣಿನ ಮಧ್ಯದಲ್ಲಿಯೇ ಹಾದುಹೋಗುತ್ತದೆ.

ಇನ್ನು ಕೆಲವು ಚಿತ್ರಗಳಲ್ಲಿ ಗೆರೆ ಅರ್ಧಕ್ಕೆ ನಿಂತು ಬಿಡುತ್ತದೆ. ಭುಜದ ಮೇಲಿನ ತುದಿ ಗಟ್ಟಿಯಾಗಿದ್ದು, ಕೆಳಗೆ ಬರುತ್ತ ಬಣ್ಣ ತೆಳುವಾಗಿ ಪಕ್ಕದ ದೇಹದೊಳಕ್ಕೆ ಇಳಿಯುತ್ತದೆ. ಅಂಚನ್ನು ಹೀಗೆ ತೆರೆದಿಡುವ ಕ್ರಮವನ್ನು ಕ್ಯೂಬಿಸ್ಟರು ತಮಗಿಂತ ಹಿಂದಿನ ಚಿತ್ರಕಾರ ಪಾಲ್ ಸೆಝಾನ್‌ನಿಂದ ಕಲಿತರು. ದಂಪತಿಯ ಚಿತ್ರದಲ್ಲಿ ಅಂಚು ಎಲ್ಲಿ ತೆರೆದಿದೆ ಎಂಬುದು ಮುಖ್ಯವಾಗುತ್ತದೆ. ತೋಳಿನ ಹತ್ತಿರ ತೆರೆದು ತಲೆಯ ಹತ್ತಿರ ಮುಚ್ಚಿದ್ದರೆ ಒಂದು ಅರ್ಥ, ತಲೆಗಳು ಬೆರೆತು ಕೆಳಗಿನ ದೇಹಗಳು ಬೇರೆಯಾಗಿದ್ದರೆ ಇನ್ನೊಂದು ಅರ್ಥ. ಅಂಚು ಯಾವ ಕಡೆಗೆ ತೆರೆದಿದೆ ಎಂಬುದನ್ನೂ ಕೇಳಿಕೊಳ್ಳಿ: ಅವಳ ಬಣ್ಣ ಅವನೊಳಕ್ಕೆ ಹರಿದು, ಅವನದು ಅವಳೊಳಕ್ಕೆ ಬರದಿದ್ದರೆ, ಆ ಸಂಬಂಧದಲ್ಲಿ ಕೊಡುವವರು ಯಾರೆಂದು ಕಲಾವಿದ ಹೇಳಿದಂತಾಯಿತು. ಇಂಥ ಸೂಕ್ಷ್ಮವನ್ನು ಮುಖಭಾವ ಎಂದೂ ಹೇಳಲಾರದು.

ಮಾರ್ಕ್ ಶಗಾಲ್‌ನ ‘ಅಪೊಲಿನೇರ್‌ಗೆ ನಮನ’ ಎಂಬ 1911-12ರ ಚಿತ್ರ ಈ ಹಂತಕ್ಕೆ ಬಹಳ ಸಹಾಯ ಮಾಡುತ್ತದೆ. ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿರುವ ಈ ಕ್ಯಾನ್ವಾಸಿನಲ್ಲಿ ಆದಾಮ ಮತ್ತು ಹವ್ವ, ಅಂದರೆ ಕ್ರೈಸ್ತ ಪುರಾಣದ ಮೊದಲ ದಂಪತಿ, ಕೆಳಗೆ ಒಂದೇ ದೇಹವಾಗಿದ್ದು ಮೇಲೆ ಹೋಗುತ್ತ ಎರಡಾಗಿ ಕವಲೊಡೆದಿದ್ದಾರೆ. ಹವ್ವಳ ಕೈಯಲ್ಲಿ ಹಣ್ಣಿದೆ. ಹಿಂದೆ ದೊಡ್ಡದೊಂದು ಚಕ್ರವಿದ್ದು, ಅದರ ಮೇಲೆ ಗಡಿಯಾರದ ಅಂಕಿಗಳು ಕಾಣುತ್ತವೆ. ಆ ಜೋಡಿ ಬೇರೆಯಾಗುತ್ತಿದೆಯೋ ಒಂದಾಗುತ್ತಿದೆಯೋ ಎಂದು ಚಿತ್ರ ತೀರ್ಪು ಕೊಡುವುದಿಲ್ಲ. ಹಿಂದಿರುವ ಅಂಕಿಗಳು ಅದನ್ನು ಕಾಲದ ಪ್ರಶ್ನೆಯಾಗಿ ಬಿಡುತ್ತವೆ. ಕವಲೊಡೆಯುವ ಆ ಬಿಂದುವನ್ನು ಬಿಟ್ಟು ಬರೀ ಮುಖಗಳನ್ನು ನೋಡಿದವರಿಗೆ ಈ ಚಿತ್ರ ಸಿಕ್ಕುವುದಿಲ್ಲ.

ಮೂರನೆಯ ಬಗೆಯೆಂದರೆ ಇಬ್ಬರ ನಡುವೆ ಮೂರನೆಯದೊಂದು ಬಂದು ಕೂರುವುದು. ಅದು ಮೇಜಾಗಿರಬಹುದು, ತೊಟ್ಟಿಲಾಗಿರಬಹುದು, ಜನರಾಗಿರಬಹುದು. ಫೆರ್ನಾನ್ ಲೆಜೆಯ ‘ಲ ನೋಸ್’, ಅಂದರೆ ‘ಮದುವೆ’ ಎಂಬ 1911-12ರ ದೊಡ್ಡ ಕ್ಯಾನ್ವಾಸಿನಲ್ಲಿ ವಧೂವರರನ್ನು ಹುಡುಕುವುದೇ ಒಂದು ಕೆಲಸ. ಬೀಗರು-ಬಿಜ್ಜರ ಮುಖಗಳು, ಕೈಕಾಲುಗಳು, ಊರಿನ ಮನೆಗಳು, ಮೋಡದಂಥ ತಿಳಿಬಣ್ಣದ ಪದರಗಳು ಅವರನ್ನು ಎಲ್ಲ ಕಡೆಯಿಂದ ಒತ್ತುತ್ತವೆ. ಐದುನೂರು ಜನ ಸೇರುವ ನಮ್ಮ ಕಲ್ಯಾಣಮಂಟಪಗಳನ್ನು ಕಂಡವರಿಗೆ ಈ ಚಿತ್ರ ವಿಚಿತ್ರವೆನಿಸಲಾರದು. ಮದುವೆ ಇಬ್ಬರದಲ್ಲ, ಊರಿನದು ಎಂಬುದನ್ನು ಲೆಜೆ ಗೆರೆಗಳ ನೂಕುನುಗ್ಗಲಿನಲ್ಲಿಯೇ ತೋರಿಸಿದ್ದಾನೆ.

ಕೊನೆಗೆ, ಕಪ್ಪಾಗಿ ದಪ್ಪಗೆ ಎಳೆದು, ಯಾವ ಬಣ್ಣವೂ ಆಚೆ ದಾಟದಂತೆ ಮುಚ್ಚಿದ ಗೆರೆಯೂ ಇರುತ್ತದೆ. ಜಗಳದ ಮಾತನ್ನು ಎತ್ತುವುದಾದರೆ ಇಲ್ಲಿ ಎತ್ತಬಹುದು, ಅದೂ ಚಿತ್ರದ ಉಳಿದ ಗೆರೆಗಳೆಲ್ಲ ತೆರೆದಿದ್ದು ಇದೊಂದೇ ಮುಚ್ಚಿದ್ದರೆ ಮಾತ್ರ. ಎಲ್ಲ ಗೆರೆಗಳೂ ದಪ್ಪಗಿದ್ದರೆ ಅದು ಆ ಕಲಾವಿದನ ಕೈಗುಣ.

ಮೂರನೆಯ ಹಂತ: ನೋಡುತ್ತಿರುವವರು ಎಲ್ಲಿ ನಿಂತಿದ್ದಾರೆ

ಕ್ಯೂಬಿಸ್ಟ್ ಚಿತ್ರಕ್ಕೆ ಹಲವು ನೋಟದ ಸ್ಥಾನಗಳಿರುತ್ತವೆ ಎಂದು ಪುಸ್ತಕದಲ್ಲಿ ಓದಿದರೆ ಅದು ತಲೆಗೆ ಹೋಗುತ್ತದೆಯೇ ಹೊರತು ಕಾಲಿಗೆ ಬರುವುದಿಲ್ಲ. ಅದಕ್ಕೆ ನನ್ನ ಸಲಹೆ, ಒಂದು ಬೆಳಿಗ್ಗೆ ಗದಗ ಜಿಲ್ಲೆಯ ಡಂಬಳಕ್ಕೆ ಹೋಗಿ ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪನ ಗುಡಿಯನ್ನು ಸುತ್ತಿ ಬನ್ನಿ ಎಂಬುದು. ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರಾಕಾರದ ತಳವಿನ್ಯಾಸದ ಆ ಗರ್ಭಗುಡಿಯ ಹೊರಗೋಡೆಯಲ್ಲಿ ಉದ್ದಕ್ಕೆ ಹರಿಯುವ ನೇರ ಗೋಡೆಯೇ ಇಲ್ಲ. ಎರಡು ಹೆಜ್ಜೆ ಇಟ್ಟರೆ ಒಂದು ಮೂಲೆ ಮರೆಯಾಗುತ್ತದೆ, ಇನ್ನೊಂದು ಬಿಸಿಲಿಗೆ ಬರುತ್ತದೆ. ಸುತ್ತು ಮುಗಿಸಿ ಒಂದೆಡೆ ಕುಳಿತು, ಈ ಗುಡಿಯನ್ನು ಒಂದೇ ಹಾಳೆಯ ಮೇಲೆ ಹೇಗೆ ಬರೆಯುವುದೆಂದು ಯೋಚಿಸಿ. ಒಂದೇ ಕಡೆಯಿಂದ ಬರೆದರೆ ಗುಡಿ ಸುಳ್ಳಾಗುತ್ತದೆ, ಎಲ್ಲ ಕಡೆಯಿಂದ ಬರೆದರೆ ಒಡೆಯುತ್ತದೆ. ಕ್ಯೂಬಿಸ್ಟರು ಎದುರಿಸಿದ ಇಕ್ಕಟ್ಟು ಇದೇ ಬಗೆಯದು. ಡಂಬಳದ ಶಿಲ್ಪಿಗೂ ಪ್ಯಾರಿಸ್ಸಿಗೂ ನಂಟಿದೆಯೆಂದು ನಾನು ಹೇಳುತ್ತಿಲ್ಲ. ಕಾಲಿಗೆ ಅಭ್ಯಾಸ ಕೊಡಲು ನಮ್ಮ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಅಷ್ಟೇ.

ಈ ಅಭ್ಯಾಸದೊಂದಿಗೆ ಚಿತ್ರಕ್ಕೆ ಮರಳಿ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿದೆ: ಹೆಂಡತಿಯ ಮುಖದ ಪಕ್ಕದ ನೋಟ ಗಂಡನ ಕಡೆಗಿದೆಯೇ, ಎದುರು ನೋಟ ನಮ್ಮ ಕಡೆಗಿದೆಯೇ? ಹಾಗಿದ್ದರೆ ಅವಳು ಒಂದೇ ಮುಖದಲ್ಲಿ ಅವನ ಜೊತೆಗೂ ಇದ್ದಾಳೆ, ಲೋಕದ ಎದುರಿಗೂ ಇದ್ದಾಳೆ. ಗಂಡನಿಗೆ ಇಂಥ ಎರಡು ನೋಟಗಳಿಲ್ಲದೆ ನಮ್ಮನ್ನೇ ದಿಟ್ಟಿಸುವ ಒಂದೇ ಮುಖವಿದ್ದರೆ ಆ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ಶ್ರೀಲಂಕಾದ ಜಾರ್ಜ್ ಕೀಟ್ (1901–1993) ಈ ಎರಡು ನೋಟಗಳ ಮುಖವನ್ನು ಪಿಕಾಸೊನ ದಾರಿಯಿಂದ ಪಡೆದು ನಾಯಕ-ನಾಯಿಕೆಯರ ಶೃಂಗಾರಕ್ಕೆ ಬಳಸಿದ. ‘ಗೀತಗೋವಿಂದ’ವನ್ನು ಇಂಗ್ಲಿಷಿಗೆ ಅನುವಾದಿಸಿದವನೂ ಅವನೇ. ಅವನ ಜೋಡಿಗಳಲ್ಲಿ ಗೆರೆಗಳು ಬಾಗಿವೆ, ದುಂಡಾಗಿವೆ, ತೋಳುಗಳು ಒಂದರೊಳಗೊಂದು ಹೆಣೆದಿವೆ. ಕ್ಯೂಬಿಸಂ ಎಂದರೆ ಚೂಪು ಮೂಲೆಗಳೇ ಎಂದುಕೊಂಡವರು ಅವನ ಚಿತ್ರಗಳನ್ನು ಅವಶ್ಯ ನೋಡಬೇಕು.

ನಾಲ್ಕನೆಯ ಹಂತ: ಎಡ, ಬಲ, ಮೇಲೆ, ಕೆಳಗೆ

ಇದು ಸುಲಭದ ಹಂತ, ಆದ್ದರಿಂದ ಇಲ್ಲಿಯೇ ಹೆಚ್ಚು ಅರ್ಥ ಹಚ್ಚುವ ಆಸೆಯೂ ಹುಟ್ಟುತ್ತದೆ. ನಮ್ಮ ಶಿಲ್ಪಗಳಲ್ಲಿ ಸ್ಥಾನಕ್ಕೆ ನಿಯಮವಿದೆ: ಉಮಾಮಹೇಶ್ವರ ಮೂರ್ತಿಗಳಲ್ಲಿ ಉಮೆ ಶಿವನ ಎಡಬದಿಗೆ ಕುಳಿತಿರುತ್ತಾಳೆ. ಹಾವೇರಿಯ ಸಿದ್ಧೇಶ್ವರ ಗುಡಿಗೆ ಹೋದವರು ಅಲ್ಲಿಯ ಉಮಾಮಹೇಶ್ವರ ಶಿಲ್ಪವನ್ನು ಈ ದೃಷ್ಟಿಯಿಂದ ನೋಡಬಹುದು. ಪ್ಯಾರಿಸ್ಸಿನ ಕಲಾವಿದನಿಗೆ ಈ ನಿಯಮದ ಕಟ್ಟಿಲ್ಲ, ಧಾರವಾಡದ ಕಲಾವಿದನಿಗೆ ಇರಲೂಬಹುದು; ಅವನು ಹೆಂಡತಿಯನ್ನು ಬಲಕ್ಕೆ ಇಟ್ಟಿದ್ದರೆ ಅದು ಬೇಕೆಂದೇ ಮಾಡಿದ್ದಾಗಿರಬಹುದು. ಮೇಲೆ-ಕೆಳಗಿನ ವಿಷಯದಲ್ಲಿ ಶಗಾಲ್ ಮತ್ತೆ ನೆನಪಾಗುತ್ತಾನೆ. 1915ರಲ್ಲಿ ಬೆಲ್ಲಾಳನ್ನು ಮದುವೆಯಾದ ಅವನು 1917-18ರಲ್ಲಿ ಬರೆದ ಜೋಡಿಚಿತ್ರದಲ್ಲಿ ತಾನು ಹೆಂಡತಿಯ ಹೆಗಲ ಮೇಲೆ ಕುಳಿತು ಮದ್ಯದ ಲೋಟ ಎತ್ತಿದ್ದಾನೆ. ಮೇಲಿರುವವನು ಗಂಡನಾದರೂ ಭಾರ ಹೊತ್ತು ನಿಂತಿರುವವಳು ಅವಳು, ಚಿತ್ರದ ನಡುಗಂಬವೂ ಅವಳೇ.

ಬಣ್ಣದ ಬಗ್ಗೆ ಒಂದೇ ಎಚ್ಚರಿಕೆ. 1910ರಿಂದ 1912ರವರೆಗಿನ ಪಿಕಾಸೊ-ಬ್ರಾಕ್ ಚಿತ್ರಗಳು ಬಹುತೇಕ ಕಂದು ಮತ್ತು ಬೂದು. ಆಕಾರದ ಮೇಲೆ ಗಮನ ನಿಲ್ಲಲೆಂದು ಅವರು ಬಣ್ಣವನ್ನು ಹಿಂದಕ್ಕೆ ಸರಿಸಿದ್ದರು, ಆದ್ದರಿಂದ ಬೂದು ಬಣ್ಣದಲ್ಲಿ ವಿರಹವನ್ನು ಹುಡುಕಬಾರದು.

ಐದನೆಯ ಹಂತ: ವಸ್ತುಗಳು ಮತ್ತು ಅಕ್ಷರಗಳು

ಮುಖ ಗುರುತು ಸಿಗದ ಚಿತ್ರದಲ್ಲಿ ಸಣ್ಣ ವಸ್ತುವೊಂದು ಸಾಕ್ಷಿ ಹೇಳುತ್ತದೆ. ಪಿಕಾಸೊ 1911-12ರ ಚಳಿಗಾಲದಲ್ಲಿ ಬರೆದ, ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಹೆಂಗಸಿನ ಆಕಾರ ಹೆಚ್ಚುಕಡಿಮೆ ಕರಗಿಹೋಗಿದೆ. ಕೆಳಗೆ ಮಾತ್ರ ‘ಮಾ ಝೋಲಿ’, ಅಂದರೆ ‘ನನ್ನ ಚೆಲುವೆ’ ಎಂಬ ಅಕ್ಷರಗಳಿವೆ. ಅದು ಅವನು ತನ್ನ ಪ್ರೇಯಸಿ ಮಾರ್ಸೆಲ್ ಅಂಬೇರ್‌ಳನ್ನು ಕರೆಯುತ್ತಿದ್ದ ಮುದ್ದಿನ ಹೆಸರು. ಎಲ್ಲರೆದುರು ಹೇಳಲಾಗದ ಆಪ್ತತೆಯನ್ನು ರೂಪದಲ್ಲಿ ಮುಚ್ಚಿ ಅಕ್ಷರದಲ್ಲಿ ತೆರೆದಿಟ್ಟ ರೀತಿ ನನಗೆ ಇಡೀ ಕ್ಯೂಬಿಸಂನಲ್ಲಿಯೇ ಹೆಚ್ಚು ಪ್ರಿಯವಾದದ್ದು. ನಮ್ಮ ಕಡೆಯ ಚಿತ್ರಗಳಲ್ಲಾದರೆ ತಾಳಿ, ಕಾಲುಂಗುರ, ಬಾಸಿಂಗ, ಇಳಕಲ್ ಸೀರೆಯ ಟೋಪಿ ಸೆರಗು, ರುಮಾಲು ಇವನ್ನು ಹುಡುಕಿ. ಕಂಡಾಗ, ಆ ವಸ್ತು ತನ್ನ ಯಜಮಾನರ ದೇಹದ ಮೇಲೆಯೇ ಇದೆಯೋ ಅಥವಾ ಗೆರೆ ದಾಟಿ ಇನ್ನೊಬ್ಬರ ಕಡೆಗೆ ಬಂದಿದೆಯೋ ಎಂದು ಪರೀಕ್ಷಿಸಿ.

ಆರನೆಯ ಹಂತ: ಕೈಯಾರೆ ಒಂದು ಜೋಡಿ

ನೋಡಿ ಕಲಿತದ್ದಕ್ಕಿಂತ ಮಾಡಿ ಕಲಿತದ್ದು ಬೇಗ ಹತ್ತುತ್ತದೆ. ಮನೆಯಲ್ಲಿ ಒಪ್ಪುವ ಒಂದು ಜೋಡಿಯನ್ನು, ಅವ್ವ-ಅಪ್ಪ ಆದರೂ ಸರಿ, ಪಡಸಾಲೆಯಲ್ಲಿ ಅಕ್ಕಪಕ್ಕ ಕೂರಿಸಿ ನಾಲ್ಕು ಫೋಟೊ ತೆಗೆಯಿರಿ: ಎದುರಿನಿಂದ, ಎಡದಿಂದ, ಬಲದಿಂದ, ಕುರ್ಚಿಯ ಮೇಲೆ ಹತ್ತಿ ಮೇಲಿನಿಂದ. ನಾಲ್ಕನ್ನೂ ಒಂದೇ ಅಳತೆಯಲ್ಲಿ ಮುದ್ರಿಸಿ, ಕತ್ತರಿಸಿ, ರಟ್ಟಿನ ಮೇಲೆ ಒಂದೇ ಜೋಡಿಯಾಗಿ ಅಂಟಿಸಿ. ಕಾಗದ ಕತ್ತರಿಸಿ ಅಂಟಿಸುವ ಈ ಕ್ರಮವನ್ನು ಬ್ರಾಕ್ ಮತ್ತು ಪಿಕಾಸೊ 1912ರಲ್ಲಿಯೇ ಚಿತ್ರಕ್ಕೆ ತಂದಿದ್ದರು. ಅಂಟಿಸುವಾಗ ಇಬ್ಬರ ಭುಜಗಳು ತಾಗುವ ಜಾಗದಲ್ಲಿ ಯಾವ ತುಂಡು ಮೇಲೆ ಬರಬೇಕು, ಯಾವುದು ಅಡಿಗೆ ಹೋಗಬೇಕು ಎಂದು ನಿಮ್ಮ ಕೈ ತಡೆಯುತ್ತದೆ. ಆ ತಡೆತವನ್ನು ಅನುಭವಿಸಿದ ಮೇಲೆ ಎರಡನೆಯ ಹಂತದಲ್ಲಿ ಹೇಳಿದ್ದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಕಲಾವಿದನ ಸಂಸಾರದ ಕಥೆ ಯಾವಾಗ ಬೇಕು

ಎಲ್ಲಕ್ಕಿಂತ ಕೊನೆಗೆ, ಮತ್ತು ಸಾಧ್ಯವಾದಷ್ಟು ಕಡಿಮೆ. ಸೆಝಾನ್ ತನ್ನ ಹೆಂಡತಿ ಓರ್ತಾನ್ಸ್ ಫಿಕೆಯನ್ನು ಕೂರಿಸಿಕೊಂಡು ಬರೆದ ತೈಲಚಿತ್ರಗಳು ಇಪ್ಪತ್ತೊಂಬತ್ತು. ಅವುಗಳಲ್ಲಿ ಅವಳು ನಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬಹಳ ಕಾಲದವರೆಗೆ ಬರಹಗಾರರು ಅವಳನ್ನು ಸಿಡುಕಿನ ಹೆಂಗಸೆಂದೂ ಅವರ ದಾಂಪತ್ಯ ತಣ್ಣಗಿತ್ತೆಂದೂ ಬರೆದರು. ಅವನು ಬಹಳ ನಿಧಾನವಾಗಿ ಕೆಲಸ ಮಾಡುತ್ತಿದ್ದವನು. ಅಂಥವನ ಮುಂದೆ ಗಂಟೆಗಟ್ಟಲೆ ಅಲುಗದೆ ಕೂರುವವರು ನಗುತ್ತ ಕೂರಲಾರರು. ಆ ಚಿತ್ರಗಳಲ್ಲಿ ನೋಡಬೇಕಾದದ್ದು ಬೇರೆಯೇ ಇದೆ. ಹಳದಿ ಕುರ್ಚಿಯಲ್ಲಿ ಅವಳು ಕುಳಿತ ಚಿತ್ರದಲ್ಲಿ ಗೋಡೆಯ ಮೇಲಿನ ಅಡ್ಡಪಟ್ಟಿ ಅವಳ ದೇಹದ ಹಿಂದೆ ಹೋಗಿ ಇನ್ನೊಂದು ಕಡೆ ಅದೇ ಮಟ್ಟದಲ್ಲಿ ಹೊರಬರುವುದಿಲ್ಲ. ಅವಳು ಅಲ್ಲಿ ಇರುವುದರಿಂದಲೇ ಗೋಡೆ ಜರುಗಿದೆ. ಹೆಂಡತಿಯ ಇರವು ಕೋಣೆಯನ್ನೇ ಬದಲಿಸುತ್ತದೆ ಎಂದು ಗಂಡನೊಬ್ಬ ಕಂಡದ್ದನ್ನು ನಗುವಿಲ್ಲದ ತುಟಿಗಿಂತ ಆ ಪಟ್ಟಿ ಚೆನ್ನಾಗಿ ಹೇಳುತ್ತದೆ.

ಪಿಕಾಸೊನ 1925ರ ‘ದಿ ಕಿಸ್’ ವಿಷಯದಲ್ಲಿ ಕಥೆಯ ಸೆಳೆತ ಇನ್ನೂ ಜೋರು. ಅವನು ಓಲ್ಗಾ ಖೋಖ್ಲೋವಾಳನ್ನು 1918ರಲ್ಲಿ ಮದುವೆಯಾಗಿದ್ದ, 1935ರಲ್ಲಿ ಅವರು ಬೇರೆಯಾದರು. ನಡುವೆ ಬಂದ ಈ ಚಿತ್ರದಲ್ಲಿ ಎರಡು ದೇಹಗಳು ಬಾಯಿ, ಕಣ್ಣು, ಬೆರಳುಗಳೆಲ್ಲ ಕಲಸಿಹೋಗುವಂತೆ ಕಚ್ಚಿಕೊಂಡಿವೆ. ತಾರೀಖುಗಳನ್ನು ಮೊದಲೇ ಓದಿಕೊಂಡು ಹೋದವರಿಗೆ ಅಲ್ಲಿ ಕಹಿ ಮಾತ್ರ ಕಾಣುತ್ತದೆ. ಗೆರೆಯನ್ನು ಮೊದಲು ಹಿಂಬಾಲಿಸಿದವರಿಗೆ ಅದು ಎಲ್ಲಿಯೂ ಮುಚ್ಚಿಕೊಳ್ಳುವುದಿಲ್ಲ ಎಂಬುದು ತಿಳಿಯುತ್ತದೆ, ಹಿಂಸೆಯೂ ಆಸೆಯೂ ಒಂದೇ ಅಂಚಿನಿಂದ ಹುಟ್ಟಿರುವುದು ತಿಳಿಯುತ್ತದೆ. ಆಮೇಲೆ ತಾರೀಖುಗಳನ್ನು ಓದಿದರೆ ನಷ್ಟವಿಲ್ಲ.

ಸ್ಥಳೀಯ ಪ್ರದರ್ಶನಗಳಲ್ಲಿ ನಮಗೊಂದು ಅನುಕೂಲವಿದೆ: ಕಲಾವಿದರು ಅಲ್ಲಿಯೇ ಇರುತ್ತಾರೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗದಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ಚಿತ್ರಕಲಾ ಶಾಲೆಗಳ ಪರಂಪರೆಯಿಂದ ಬಂದವರು ಅನೇಕರು, ಮಾತಿಗೆ ಸಿಗುವವರು. ಅವರ ಬಳಿ ಹೋಗಿ “ಇದರ ಅರ್ಥ ಏನ್ರೀ ಸರ?” ಎಂದು ಕೇಳಿದರೆ ಬಹುತೇಕ ಏನೂ ದೊರೆಯುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಅವರು ಸಿದ್ಧ ಉತ್ತರವೊಂದನ್ನು ಇಟ್ಟುಕೊಂಡಿರುತ್ತಾರೆ. ಬದಲಾಗಿ ಇಬ್ಬರ ನಡುವಿನ ಯಾವುದಾದರೂ ಒಂದು ತುಂಡನ್ನು ತೋರಿಸಿ, ಇದು ಮೊದಲು ಯಾರ ಭಾಗವಾಗಿತ್ತು, ಯಾವ ಗೆರೆಯನ್ನು ಅಳಿಸಿ ಮತ್ತೆ ಎಳೆದಿರಿ, ಮೊದಲು ಬರೆದದ್ದು ಗಂಡನನ್ನೋ ಹೆಂಡತಿಯನ್ನೋ ಎಂದು ಕೇಳಿ. ಬಣ್ಣ ಹಚ್ಚಿದ ಟ್ರೇಸಿಂಗ್ ಹಾಳೆ ಜೊತೆಗಿದ್ದರೆ ಇನ್ನೂ ಒಳ್ಳೆಯದು. ನೀವು ಖಾಲಿ ಬಿಟ್ಟ ತುಂಡುಗಳಲ್ಲಿ ಕೆಲವನ್ನು ಅವರೇ ಪೆನ್ಸಿಲ್ ತೆಗೆದುಕೊಂಡು ತುಂಬಿ ಕೊಡಬಹುದು, ಕೆಲವನ್ನು ಹಾಗೆಯೇ ಬಿಡಿ ಎನ್ನಬಹುದು.